ಹುಚ್ಚೀರಪ್ಪನ ಬಲಗಣ್ಣು ಮತ್ತು ಯಳವತ್ತಿಯ ನುಸಿ

ಕಣ್ಣಿನ ರೆಪ್ಪೆಯ ಮೇಲೂ ಸಂಶೋಧನೆ ನಡೆಯುತ್ತದೆ ಎಂಬುದು ನನಗೆ ಗೊತ್ತಾದದ್ದು ನಮ್ಮ ಎದುರು ಮನೆಯ ಹುಚ್ಚೀರಪ್ಪನಿಂದ. ಮೆಣಸಿನ ಗಿಡದ ನುಸಿಯ ಮೇಲೂ ನಡೆಯುತ್ತದೆ ಎಂಬುದು ಗೊತ್ತಾದದ್ದೂ ಅವನಿಂದಲೇ. ಈ ಎರಡು ವಿಜ್ಞಾನಗಳು ಜಗತ್ತಿನಲ್ಲಿ ಬೇರೆಲ್ಲೂ ಮುಖಾಮುಖಿ ಆಗಿರಲಿಕ್ಕಿಲ್ಲ. ನಮ್ಮ ಯಳವತ್ತಿಯ ಪಂಚಾಯಿತಿ ಸಭಾಭವನದಲ್ಲಿ, ಒಂದು ಗುರುವಾರ, ಎದುರಾಬದುರಾ ನಿಂತು ಜಗಳಾಡಿದವು. ನಾನು ಈ ಊರಿನ ಗ್ರಂಥಾಲಯದ ಮೇಲ್ವಿಚಾರಕ. ಓದುಗರು ಕಡಿಮೆ, ಬಿಡುವು ಹೆಚ್ಚು. ಆದ್ದರಿಂದ ಎಲ್ಲವನ್ನೂ ಮೊದಲಿನಿಂದ ಕೊನೆಯವರೆಗೆ ಕಣ್ಣಾರೆ ಕಂಡಿದ್ದೇನೆ.

ಹುಚ್ಚೀರಪ್ಪನಿಗೆ ಐವತ್ನಾಲ್ಕು ವರ್ಷ, ಎರಡೆಕರೆ ಮೆಣಸಿನಕಾಯಿ ಹೊಲ, ಗದಿಗೆವ್ವ ಎಂಬ ಹೆಂಡತಿ. ಈ ಐವತ್ನಾಲ್ಕು ವರ್ಷದಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಊರ ಸಭೆಯಲ್ಲಿ ಅವನು ಮಾತಾಡಲು ಎದ್ದು ನಿಂತರೆ, ನೀರು ಕುಡಿಯಲು ಎದ್ದನೆಂದು ತಿಳಿದು ದಾರಿ ಬಿಡುತ್ತಿದ್ದರು. ಅವನಿಗಿಂತ ಹತ್ತು ವರ್ಷ ಚಿಕ್ಕವರೂ "ಲೇ ಹುಚ್ಚೀರಾ" ಎಂದೇ ಕರೆಯುತ್ತಿದ್ದರು. ಅವನು "ಹ್ಞಾಂ" ಎನ್ನುತ್ತಿದ್ದ.

ದಸರೆಗೆ ಬನ್ನಿ ಹಂಚಿದ ಮರುದಿನ ಅವನ ಬಲಗಣ್ಣಿನ ರೆಪ್ಪೆ ಹಾರತೊಡಗಿತು. ಗಂಡಸಿಗೆ ಬಲಗಣ್ಣು ಹಾರಿದರೆ ಶುಭ, ಹೆಂಗಸಿಗೆ ಎಡಗಣ್ಣು. ಇದು ನಮ್ಮಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಎಲ್ಲರ ಕಣ್ಣು ಒಂದೆರಡು ದಿನ ಹಾರಿ ಸುಮ್ಮನಾಗುತ್ತದೆ. ಹುಚ್ಚೀರಪ್ಪನದು ನಿಲ್ಲಲೇ ಇಲ್ಲ.

ಮೂರನೆಯ ದಿನ ಅಲ್ಲಾಸಾಬನ ಚಹಾದ ಅಂಗಡಿಯಲ್ಲಿ ಪಕ್ಕದ ಮನೆಯ ಹುಲಗಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದ. ಎರಡು ದಿನದಿಂದ ಅವನ ಎಮ್ಮೆ ಕಾಣೆ.

"ಲಕ್ಷ್ಮೇಶ್ವರದ ಹಾದಿಗೆ ಹುಡುಕ್ಲೋ, ಸೊರಟೂರ ಹಾದಿಗೆ ಹುಡುಕ್ಲೋ, ತಿಳೀವಲ್ದು" ಎಂದ.

ಸೊರಟೂರು ಎನ್ನುವುದಕ್ಕೂ ಎದುರಿಗೆ ಕೂತಿದ್ದ ಹುಚ್ಚೀರಪ್ಪನ ರೆಪ್ಪೆ ಪಟಪಟ ಹಾರುವುದಕ್ಕೂ ಸರಿಹೋಯಿತು. ಹುಲಗಪ್ಪ ಆ ಕ್ಷಣವೇ ಎದ್ದು ಹೋದ. ಸಂಜೆಯೊಳಗೆ ಎಮ್ಮೆ ಸೊರಟೂರಿನಲ್ಲಿ ಸಿಕ್ಕಿತು. ಅದನ್ನು ಆರು ತಿಂಗಳ ಹಿಂದೆ ಸೊರಟೂರಿನಿಂದಲೇ ಕೊಂಡು ತಂದಿದ್ದ, ಅದು ತನ್ನ ಹಳೆಯ ಕೊಟ್ಟಿಗೆಗೆ ಹೋಗಿ ನಿಂತಿತ್ತು ಎಂಬ ಸಂಗತಿಯನ್ನು ಆಗ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಮಾರನೆಯ ದಿನದಿಂದ ಜನ ಬರತೊಡಗಿದರು. ಹೊಲ ಬಿಟ್ಟು ದಿನವೂ ಕೂರಲಾಗದೆ ಹುಚ್ಚೀರಪ್ಪ ಸೋಮವಾರ, ಗುರುವಾರ ಎಂದು ವಾರ ಗೊತ್ತು ಮಾಡಿದ. ಕ್ರಮ ಸರಳವಾಗಿತ್ತು. ಬಂದವರು ಕಟ್ಟೆಯ ಮೇಲೆ ಕೂತು ಮನಸ್ಸಿನಲ್ಲಿದ್ದದ್ದನ್ನು ಹೇಳಬೇಕು. ಎಲ್ಲರೂ ಉಸಿರು ಬಿಗಿಹಿಡಿದು ಅವನ ಬಲಗಣ್ಣನ್ನು ನೋಡಬೇಕು. ಹಾರಿದರೆ ಕೆಲಸ ಮಾಡಬಹುದು, ಹಾರದಿದ್ದರೆ ಮುಂದಿನ ವಾರ ಬರಬೇಕು. ಅವನು ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಅವನಿಗೆ ಬೇಕಾದದ್ದು ಬೇರೆಯೇ ಸಿಗುತ್ತಿತ್ತು. "ಲೇ ಹುಚ್ಚೀರಾ" ಹೋಗಿ "ಹುಚ್ಚೀರಪ್ಪಣ್ಣಾರ" ಬಂದಿತ್ತು. ಮೊದಲ ಸಲ ಹಾಗೆ ಕರೆದಾಗ ಅವನು ಹಿಂದೆ ತಿರುಗಿ ನೋಡಿದ್ದನ್ನು ನಾನೇ ಕಂಡಿದ್ದೇನೆ.

ನಾನೂ ಹೋಗಿದ್ದೆ, ಮುಚ್ಚಿಡುವುದೇಕೆ? ಶಿರಹಟ್ಟಿಯಲ್ಲಿ ಒಂದು ಹಳೆಯ ಸ್ಕೂಟರ್ ಇತ್ತು, ಕೊಳ್ಳಲೋ ಬೇಡವೋ ಎಂದು ಕೇಳಿದೆ. ರೆಪ್ಪೆ ಮೂರು ಸಲ ಹಾರಿತು. ಕೊಂಡೆ. ಆ ಸ್ಕೂಟರ್ ಇವತ್ತಿಗೂ ಲಕ್ಷ್ಮೇಶ್ವರದ ಗ್ಯಾರೇಜಿನಲ್ಲಿದೆ. ಶುಭ ಆದದ್ದು ಖರೆ, ಆದರೆ ಆದದ್ದು ಗ್ಯಾರೇಜಿನವನಿಗೆ.

ಇದೆಲ್ಲ ನಡೆಯುವಾಗ ಕಣ್ಣನ್ನು ಬರೇ ಕಣ್ಣೆಂದು ನೋಡಿದವಳು ಗದಿಗೆವ್ವ ಒಬ್ಬಳೇ. ಲಕ್ಷ್ಮೇಶ್ವರದಲ್ಲಿ ಕಣ್ಣಿನ ತಪಾಸಣಾ ಶಿಬಿರ ನಡೆದಾಗ ಗಂಡನನ್ನು ಹೊರಡಿಸಿಕೊಂಡು ಹೋದಳು. ಅಲ್ಲಿ ಗದಗಿನಿಂದ ಬಂದಿದ್ದ ಡಾಕ್ಟರ್ ಸುಶ್ಮಿತಾ, ರೆಪ್ಪೆ ತಾನಾಗಿ ಹಾರುವವರು, ರೆಪ್ಪೆ ಜೋತುಬಿದ್ದವರು, ರೆಪ್ಪೆ ಬಿಗಿದು ಕಣ್ಣೇ ತೆರೆಯಲಾಗದವರು, ಇಂಥವರನ್ನೆಲ್ಲ ಕೂಡಿಸಿ ಸಂಶೋಧನೆ ಮಾಡುತ್ತಿದ್ದರು.

"ಚಾ ಎಷ್ಟು ಕುಡೀತೀರಿ?" ಎಂದು ಕೇಳಿದರು.

"ಬಂದವರಿಗೆ ಕೊಡಬೇಕಲ್ರಿ. ಅವರ ಜೋಡಿ ನಾನೂ ಒಂದೀಟು..." ಎಂದ ಹುಚ್ಚೀರಪ್ಪ.

"ಹದಿನಾಲ್ಕ ಕಪ್ರಿ" ಎಂದಳು ಗದಿಗೆವ್ವ.

"ನಿದ್ದಿ?"

"ನಾಳೆ ಹಾರತೈತೋ ಇಲ್ಲೋ ಅನ್ನೋ ಚಿಂತ್ಯಾಗ ಹೊಳ್ಳಾಡತಾರ್ರಿ. ನನಗೂ ನಿದ್ದಿಲ್ಲ."

ಡಾಕ್ಟರ್ ನಕ್ಕರು. "ಗಾಬರಿ ಆಗೂದು ಬ್ಯಾಡ. ಚಾ ಎರಡಕ್ಕ ಇಳಸ್ರಿ, ಜಲ್ದಿ ಮಲಗ್ರಿ. ತಾನ ಕಡಿಮಿ ಆಗತೈತಿ."

ಹುಚ್ಚೀರಪ್ಪನ ಮುಖ ಬಿಳಿಚಿಕೊಂಡಿತು. "ಅಕ್ಕಾರ, ಕಡಿಮಿ ಆಗೂದು ಬ್ಯಾಡ್ರಿ. ಹಿಂಗ ಇರೂವಂಥಾ ಔಷಧ ಏನರ ಐತೇನ್ರಿ?"

ನೂರಾರು ರೆಪ್ಪೆಗಳನ್ನು ಪರೀಕ್ಷಿಸಿದ್ದ ಆ ಡಾಕ್ಟರ್ ಪೆನ್ನು ಕೆಳಗಿಟ್ಟು ಒಂದು ನಿಮಿಷ ಅವನನ್ನೇ ನೋಡಿದರು. ಆಮೇಲೆ ಅಂಕಿ ತುಂಬಬೇಕಾದ ಒಂದು ನಮೂನೆ ಕೊಟ್ಟು, ಎರಡೂ ಕಣ್ಣು ದಿನಕ್ಕೆ ಎಷ್ಟೆಷ್ಟು ಸಲ ಹಾರುತ್ತವೆ ಎಂದು ಬರೆದು ತಿಂಗಳ ಕೊನೆಗೆ ಫೋಟೋ ಕಳಿಸಿ, ನನ್ನ ಸಂಶೋಧನೆಗೆ ಬೇಕು ಎಂದರು.

ಅದೇ ವಾರ ಅವನ ಹೊಲಕ್ಕೆ ನಂದೀಶ ಎಂಬ ಕೃಷಿ ವಿಜ್ಞಾನಿ ಬಂದರು. ಮೆಣಸಿನ ಹೂವಿಗೆ ಬೀಳುವ ನುಸಿಯ ಹತೋಟಿ ಅವರ ಸಂಶೋಧನೆ. ಊರಿನ ಇಷ್ಟು ಹೊಲಗಳಲ್ಲಿ ಇವನದನ್ನೇ ಆರಿಸಿದ್ದು ಅದು ಡಾಂಬರು ರಸ್ತೆಗೆ ಹತ್ತಿದ್ದ ಕಾರಣಕ್ಕೆ. ಹುಚ್ಚೀರಪ್ಪ ಮಾತ್ರ ಅದನ್ನು ಬಲಗಣ್ಣಿನ ಪ್ರಭಾವ ಎಂದೇ ತಿಳಿದ. ನಂದೀಶ ಸಾಹೇಬರು ಹೊಲದ ನಡುವೆ ಕೋಲು ನೆಟ್ಟು ನೀಲಿ ಬಣ್ಣದ ಅಂಟು ಹಾಳೆ ಕಟ್ಟಿದರು. ನುಸಿ ಬಂದು ಅದಕ್ಕೆ ಅಂಟಿಕೊಳ್ಳುತ್ತದೆ, ಅದನ್ನು ಎಣಿಸಬೇಕು.

"ಮುಂಜಾನೆ ಒಮ್ಮೆ, ಸಂಜಿಗೊಮ್ಮೆ ಎಣಿಸಿ ಬರೀರಿ" ಎಂದರು. "ನುಸಿ ಕಡಿಮಿ ಇದ್ರ ಎಣ್ಣಿ ಹೊಡೀಲೇಬ್ಯಾಡ್ರಿ. ಎಣ್ಣಿ ಹೊಡದ್ರ ನುಸಿ ತಿನ್ನೋ ಗುಲಗಂಜಿ ಹುಳಾನೂ ಸಾಯತಾವು." ಬೆಳೆಗೆ ಹೊಡೆಯುವ ವಿಷಕ್ಕೆ ನಮ್ಮಲ್ಲಿ ಎಣ್ಣಿ ಎನ್ನುತ್ತಾರೆ. ಅವರೂ ಒಂದು ನಮೂನೆ ಕೊಟ್ಟು ಹೋದರು.

ಇಲ್ಲಿಂದ ಅನರ್ಥ ಶುರುವಾಯಿತು. ಹುಚ್ಚೀರಪ್ಪನ ಜೀವಮಾನದಲ್ಲಿ ದೊಡ್ಡವರು ಅವನ ಕೈಗೆ ಕಾಗದ ಕೊಟ್ಟದ್ದೇ ಅಪರೂಪ. ಒಂದೇ ವಾರದಲ್ಲಿ ಎರಡು! ಎರಡನ್ನೂ ಲಕ್ಷ್ಮೇಶ್ವರಕ್ಕೆ ಒಯ್ದು ಲ್ಯಾಮಿನೇಷನ್ ಮಾಡಿಸಿ ತಂದು ಗೋಡೆಗೆ ತೂಗುಹಾಕಿದ. ಅವುಗಳ ಮೇಲೆ ಈಗ ಪೆನ್ನು ಹತ್ತುತ್ತಿರಲಿಲ್ಲ.

"ಬರಿಯೂದೆಲ್ಲಿ?" ಎಂದಳು ಗದಿಗೆವ್ವ.

"ಇಷ್ಟ ಚಂದ ಕಾಗದದ ಮ್ಯಾಲ ಗೀಚತಾರೇನ? ಕ್ಯಾಲೆಂಡರಿನ್ಯಾಗ ಬರಿ."

ಅವರ ಮನೆಯಲ್ಲಿ ಎಲ್ಲವೂ ಗೋಡೆಯ ಕ್ಯಾಲೆಂಡರಿನಲ್ಲೇ ಇರುತ್ತಿತ್ತು. ಸಿಲಿಂಡರ್ ಬಂದದ್ದು, ಎಮ್ಮೆ ಬೆದೆಗೆ ಬಂದದ್ದು, ಮೆಣಸಿನ ಸಸಿ ಹಚ್ಚಿದ್ದು, ಎಲ್ಲ. ನವೆಂಬರ್ ಒಂದನೆಯ ತಾರೀಕಿನಿಂದ ಗದಿಗೆವ್ವ ಪ್ರತಿ ಚೌಕದಲ್ಲಿ ತಾರೀಕಿನ ಮೇಲೆ ಕಣ್ಣಿನದೊಂದು ಅಂಕಿ, ಕೆಳಗೆ ನುಸಿಯದೊಂದು ಅಂಕಿ ಬರೆಯತೊಡಗಿದಳು. ಎಣಿಸುವ ರೀತಿ ಅವಳದೇ. ಬಾಗಿಲ ಹಿಂದೆ ಶೇಂಗಾ ಸುಲಿಯುತ್ತ ಕೂಡುವಳು. ಗಂಡನ ಕಣ್ಣು ಒಮ್ಮೆ ಹಾರಿದರೆ ಒಂದು ಶೇಂಗಾ ಕಾಳನ್ನು ಬೇರೆ ಇಡುವಳು. ಸಂಜೆಗೆ ಕಾಳು ಎಣಿಸಿ ಬರೆಯುವಳು. ಒಂದು ಕಾಳು ಹೆಚ್ಚಿಲ್ಲ, ಕಡಿಮೆಯಿಲ್ಲ.

ಚಹಾ ಎರಡಕ್ಕೆ ಇಳಿಯಿತು, ನಿದ್ದೆ ಬಂತು. ಡಾಕ್ಟರ್ ಹೇಳಿದಂತೆಯೇ ಎಂಟನೆಯ ತಾರೀಕು ರೆಪ್ಪೆ ಪೂರ್ತಿ ಸುಮ್ಮನಾಯಿತು. ಒಬ್ಬ ಮನುಷ್ಯನ ರೋಗ ವಾಸಿಯಾದದ್ದಕ್ಕೆ ಅವನೇ ಅಷ್ಟು ದುಃಖಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಹುಚ್ಚೀರಪ್ಪ ಕದ್ದು ಕದ್ದು ಅಲ್ಲಾಸಾಬನಲ್ಲಿ ಚಹಾ ಕುಡಿದ. ಹಾರಲಿಲ್ಲ. ಕಣ್ಣು ತಿಕ್ಕಿದ. ಹಾರಲಿಲ್ಲ.

ಹತ್ತನೆಯ ತಾರೀಕು ಸೋಮವಾರ. ಕಟ್ಟೆಯ ಮೇಲೆ ಎಂಟು ಜನ. ಎಲ್ಲರಿಗಿಂತ ಮುಂದೆ ಹನಮಂತವ್ವ ಎಂಬ ಮುದುಕಿ. ಮೊಮ್ಮಗಳು ವನಿತಾಳನ್ನು ನರ್ಸ್ ಓದಲು ಗದಗಿಗೆ ಕಳಿಸಬೇಕೋ ಬೇಡವೋ ಎಂದು ಕೇಳಲು ದೂರದ ಡೋಣಿ ಎಂಬ ಊರಿನಿಂದ ಬಂದಿದ್ದಳು. ಕೇಳಿದಳು. ಎಲ್ಲರೂ ಕಣ್ಣನ್ನೇ ನೋಡಿದರು. ಹುಚ್ಚೀರಪ್ಪನ ಹಣೆಯಿಂದ ಬೆವರು ಇಳಿಯಿತು, ರೆಪ್ಪೆ ಮಾತ್ರ ಅಲುಗಲಿಲ್ಲ. ಮುದುಕಿಯ ಮುಖ ಸಣ್ಣಗಾಗುತ್ತ ಬಂತು.

ಆಗ ಅವನು ತಾನೇ ರೆಪ್ಪೆ ಬಡಿದ. ಒಮ್ಮೆ, ಮತ್ತೆ ಮೂರು ಸಲ.

"ನನ್ನ ಮಮ್ಮಗಳು ನರ್ಸ್ ಆಗತಾಳ!" ಎಂದು ಮುದುಕಿ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು.

"ಎರಡ ಬಸ್ ಬದಲಿಸಿ ಬಂದಿದ್ಲು. ಹೆಂಗ ಹೊಳ್ಳಿ ಕಳಸ್ಲಿ?" ಎಂದು ಆಮೇಲೆ ನನ್ನ ಮುಂದೆ ಗೋಳಾಡಿದ. ಆ ಮಾತಿನಲ್ಲಿ ಅರ್ಧ ದಯೆ ಇತ್ತು. ಇನ್ನರ್ಧ ಏನೆಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮೂವತ್ತು ವರ್ಷ "ಲೇ" ಎನ್ನಿಸಿಕೊಂಡವನಿಗೆ ಮತ್ತೆ ಅಲ್ಲಿಗೆ ಹೋಗಿ ನಿಲ್ಲುವುದು ಸುಲಭವಲ್ಲ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಸ್ಕೂಟರ್ ನೆನಪಾದಾಗ ಸ್ವಲ್ಪ ಬಂತು.

ಒಮ್ಮೆ ರೂಢಿಯಾದ ಮೇಲೆ ಕೈ ಧಾರಾಳವಾಯಿತು. ಖರೆ ರೋಗ ಇದ್ದಾಗ ದಿನಕ್ಕೆ ಹತ್ತು ಹನ್ನೆರಡು ಸಲ ಹಾರುತ್ತಿದ್ದ ರೆಪ್ಪೆ, ವಾಸಿಯಾದ ಮೇಲೆ ಸೋಮವಾರ ನಲವತ್ತು, ಗುರುವಾರ ಐವತ್ತು ಸಲ ಹಾರತೊಡಗಿತು. ಉಳಿದ ದಿನ ಸೊನ್ನೆ. ಬಾಗಿಲ ಹಿಂದೆ ಗದಿಗೆವ್ವ ಶೇಂಗಾ ಎಣಿಸುತ್ತಲೇ ಇದ್ದಳು.

ತಿಂಗಳ ಕೊನೆಗೆ ಹುಚ್ಚೀರಪ್ಪ ಕ್ಯಾಲೆಂಡರಿನ ಹಾಳೆಯ ಒಂದು ಫೋಟೋ ತೆಗೆದು, ಅದೊಂದನ್ನೇ ಡಾಕ್ಟರಿಗೂ ವಿಜ್ಞಾನಿಗೂ ಕಳಿಸಿದ. ಜೊತೆಗೆ ಒಂದೇ ಮಾತು: "ಎಲ್ಲಾ ಇದರಾಗ ಐತ್ರಿ, ನೋಡ್ಕೋರಿ." ಅಷ್ಟು ಓದಿದವರು, ತಮ್ಮದನ್ನು ತಾವು ಆರಿಸಿಕೊಳ್ಳುತ್ತಾರೆ ಎಂಬುದು ಅವನ ಭರವಸೆ.

ಓದಿದವರು ಏನನ್ನೂ ಆರಿಸಲಿಲ್ಲ. ಇದ್ದದ್ದೆಲ್ಲ ತಮ್ಮದೇ ಎಂದುಕೊಂಡರು. ಮೇಲಿನ ಅಂಕಿ ಬಲಗಣ್ಣು, ಕೆಳಗಿನದು ಎಡಗಣ್ಣು ಎಂದು ಓದಿದ ಡಾಕ್ಟರ್, ಎಡಗಣ್ಣಿಗೂ ರೋಗ ಹತ್ತಿದೆಯೆಂದು ಗಾಬರಿಯಾದರು. ಮೇಲಿನದು ಮುಂಜಾನೆಯ ನುಸಿ, ಕೆಳಗಿನದು ಸಂಜೆಯ ನುಸಿ ಎಂದು ಓದಿದ ನಂದೀಶ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. ಸೋಮವಾರ, ಗುರುವಾರ ಮುಂಜಾನೆ ಮಾತ್ರ ದಂಡೆತ್ತಿ ಬಂದು ಸಂಜೆಯೊಳಗೆ ಮಾಯವಾಗುವ ನುಸಿಯನ್ನು ಅವರು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಡಿಸೆಂಬರ್ ಮೊದಲ ಗುರುವಾರ ಪಂಚಾಯಿತಿಯಲ್ಲಿ ಸಭೆ. ಎರಡು ಜೀಪು, ನಾಲ್ಕು ಅಧಿಕಾರಿಗಳು, ಇಡೀ ಊರು. ಹುಚ್ಚೀರಪ್ಪನನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು. ಯಾಕೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಆದರೂ ಗಂಭೀರವಾಗಿದ್ದ. ಆಮೇಲೆ ಗೋಡೆಯ ಮೇಲೆ ಯಂತ್ರದಿಂದ ಬೆಳಕು ಬಿತ್ತು, ಅವನ ಮನೆಯ ಕ್ಯಾಲೆಂಡರ್ ಆಳೆತ್ತರ ಮೂಡಿತು. ಸಿಲಿಂಡರ್ ಬಂದದ್ದೂ ಎಮ್ಮೆ ಬೆದೆಗೆ ಬಂದದ್ದೂ ಊರಿಗೆಲ್ಲ ಕಂಡವು.

"ಇದು ಹೊಸಾ ಜಾತಿಯ ನುಸಿ ಇರಬೇಕು" ಎಂದರು ನಂದೀಶ ಸಾಹೇಬರು, ಮೇಲಿನ ಅಂಕಿಗಳ ಮೇಲೆ ಕೋಲು ಆಡಿಸುತ್ತ. "ಇಂಥ ಸೂಕ್ಷ್ಮ ದಾಖಲೆ ಇಟ್ಟ ಹುಚ್ಚೀರಪ್ಪನವರಿಗೆ ನಮ್ಮ ಅಭಿನಂದನೆ. ನುಸಿ ಹಬ್ಬೂದರೊಳಗ ಇಡೀ ಊರು ಒಮ್ಮೆಲೆ ಎಣ್ಣಿ ಹೊಡೀಬೇಕು. ಬರೋ ರವಿವಾರ ಶುರು. ವಾರಕ್ಕ ಎರಡ ಸಲ."

ಚಪ್ಪಾಳೆ ಬಿತ್ತು. ಹುಚ್ಚೀರಪ್ಪ ಚಪ್ಪಾಳೆ ತಟ್ಟಲಿಲ್ಲ. ಆ ಅಂಕಿಗಳು ಯಾವುವು ಎಂದು ಈಗ ಅವನಿಗೆ ಹೊಳೆದಿತ್ತು. ಊರಿನಲ್ಲಿ ಎಣ್ಣಿ ಹೊಡೆಯುವಷ್ಟು ನುಸಿಯೇ ಇರಲಿಲ್ಲ. ಮುಂದಿನ ಸಾಲಿನಲ್ಲಿ ಹುಲಗಪ್ಪ ಹುಮ್ಮಸ್ಸಿನಿಂದ, "ನಾನ ಮೊದಲ ಹೊಡೀತೇನಿ ಸಾಹೇಬ್ರ. ಹುಚ್ಚೀರಪ್ಪಣ್ಣಾರು ಹೇಳಿದ ಮ್ಯಾಲ ಮುಗೀತು" ಎಂದು ಕೈ ಎತ್ತಿದ. ಹೋದ ವರ್ಷ ಇದೇ ಹುಲಗಪ್ಪ ಎಣ್ಣಿ ಹೊಡೆಯುವಾಗ ತಲೆಸುತ್ತಿ ಬದುವಿನ ಮೇಲೆ ಬಿದ್ದಿದ್ದ. ಮೂರು ದಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದ. ಅವನನ್ನು ಹೆಗಲ ಮೇಲೆ ಹೊತ್ತು ರಸ್ತೆಗೆ ತಂದವನು ಹುಚ್ಚೀರಪ್ಪ.

ಅವನು ಎದ್ದು ನಿಂತ. ಯಾರೋ ನೀರಿನ ಲೋಟ ಮುಂದೆ ಹಿಡಿದರು.

"ನೀರ ಬ್ಯಾಡ" ಎಂದ. "ಸಾಹೇಬ್ರ, ಎಣ್ಣಿ ಹೊಡೀಬ್ಯಾಡ್ರಿ. ಅವು ನುಸಿ ಅಲ್ರಿ."

"ಮತ್ತೇನ್ರಿ?"

ಹುಚ್ಚೀರಪ್ಪ ಶಾಲಿನ ಅಂಚು ಹಿಂಡಿದ. "ನನ್ನ ಕಣ್ಣರಿ."

ಸಭೆ ಗೊಳ್ಳೆಂದು ನಕ್ಕಿತು. ನಗು ನಿಲ್ಲುವುದರೊಳಗೆ ಬಾಗಿಲಲ್ಲಿ ಡಾಕ್ಟರ್ ಸುಶ್ಮಿತಾ ನಿಂತಿದ್ದರು. ಕಣ್ಣು ಹೆಚ್ಚು ಹಾರುವ ಗುರುವಾರವೇ ರೋಗಿಯನ್ನು ನೋಡಬೇಕೆಂದು ಬಂದವರು, ಮನೆಗೆ ಬೀಗ ಕಂಡು ಇಲ್ಲಿಗೆ ಬಂದಿದ್ದರು. ಗೋಡೆಯ ಮೇಲಿನ ಚಿತ್ರ ಕಂಡು ಕೂಗಿಯೇಬಿಟ್ಟರು.

"ಇದು ನನ್ನ ರೋಗಿಯ ದಾಖಲೆ! ಯಾರನ್ನ ಕೇಳಿ ಊರಿಗೆಲ್ಲಾ ತೋರಸಾಕತ್ತೀರಿ?"

"ಮೇಡಂ, ಇದು ನನ್ನ ನುಸಿ" ಎಂದರು ನಂದೀಶ ಸಾಹೇಬರು.

"ನುಸಿ ಅಲ್ಲ, ರೆಪ್ಪಿ!"

"ಸಂಜಿ ಅಂಕಿ ನೋಡ್ರಿ, ಎರಡು, ಮೂರು. ನುಸಿ ಹಾರಿ ಹೋದ ಗುರ್ತು."

"ಅದು ಎಡಗಣ್ಣು!"

ಇಬ್ಬರೂ ಒಂದೇ ಕೋಲನ್ನು ಹಿಡಿದುಕೊಂಡು ಗೋಡೆಯ ಮುಂದೆ ಎಳೆದಾಡಿದರು. ಅಧಿಕಾರಿಗಳು ಮೇಲಿನವರಿಗೆ ಫೋನ್ ಮಾಡಲು ಹೊರಗೆ ಹೋದರು. ಕೊನೆಗೆ ಅಲ್ಲಾಸಾಬ ಹಿಂದಿನಿಂದ, "ಬರದಾಕೀನ್ನ ಕೇಳ್ರಲಾ!" ಎಂದ. ಆಗ ಎಲ್ಲರೂ ಗದಿಗೆವ್ವನ ಕಡೆ ತಿರುಗಿದರು.

ಗದಿಗೆವ್ವ ಸೆರಗು ಸರಿಮಾಡಿಕೊಂಡು ಎದ್ದಳು. "ಮ್ಯಾಲಿಂದು ಇವರ ಬಲಗಣ್ಣರಿ, ಕೆಳಗಿಂದು ನುಸಿರಿ. ಎಡಗಣ್ಣಿಗೆ ಏನೂ ಆಗಿಲ್ಲ. ಹೊಲದಾಗ ದಿನಾ ಎರಡೋ ಮೂರೋ ನುಸಿ, ಅಷ್ಟ. ಎಣ್ಣಿ ಯಾಕ ಬೇಕ್ರಿ?"

ನಂದೀಶ ಸಾಹೇಬರು ಮೆಲ್ಲಗೆ ಕೋಲು ಬಿಟ್ಟರು. ಎಣ್ಣಿಯ ಮಾತು ಅಲ್ಲಿಗೆ ಮುಗಿಯಿತು. ಹುಲಗಪ್ಪ ಕೈ ಇಳಿಸಿದ. ಹುಚ್ಚೀರಪ್ಪ ಉಸಿರು ಬಿಟ್ಟ. ಆದರೆ ಕೋಲು ಈಗ ಡಾಕ್ಟರ ಕೈಯಲ್ಲಿತ್ತು, ಡಾಕ್ಟರ ಸಂಶೋಧನೆ ಮುಗಿದಿರಲಿಲ್ಲ.

"ಗದಿಗೆವ್ವ, ಹತ್ತನೇ ತಾರೀಕಿನಿಂದ ಆರು ಅಂಕಿಗೆ ಸುತ್ತು ಹಾಕೀರಿ. ಮೊದಲಿನ ವಾರದ್ದಕ್ಕ ಇಲ್ಲ. ಈ ಸುತ್ತು ಏನು?"

ಹುಚ್ಚೀರಪ್ಪ ಆ ಸುತ್ತುಗಳನ್ನು ಇಷ್ಟು ದಿನ ನೋಡಿಯೂ ನೋಡಿರಲಿಲ್ಲ. ಈಗ ಆಳೆತ್ತರದಲ್ಲಿ ಕಂಡವು. ಸೋಮವಾರ, ಗುರುವಾರ, ಸೋಮವಾರ, ಗುರುವಾರ. ಗದಿಗೆವ್ವ ಗಂಡನ ಮುಖ ನೋಡಿದಳು. ಅವಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಗಂಡನನ್ನು ನಾಲ್ಕು ಜನರ ಮುಂದೆ ಇಳಿಸಲೂ ಮನಸ್ಸಿಲ್ಲ.

"ಹೇಳಿಬಿಡು" ಎಂದ ಹುಚ್ಚೀರಪ್ಪ. ಶಾಲು ತೆಗೆದು ಮಡಚಿ ಕುರ್ಚಿಯ ಮೇಲಿಟ್ಟ.

"ಸುತ್ತು ಹಾಕಿದ್ದು ಅವರು ತಾವ ಬಡದದ್ರಿ" ಎಂದಳು. "ಸುತ್ತ ಇಲ್ಲದ್ದು ಖರೆ."

"ನಿಮಗ ಹೆಂಗ ಗೊತ್ತು?" ಎಂದರು ಡಾಕ್ಟರ್.

"ಇಪ್ಪತ್ತೆಂಟ ವರ್ಷ ಆ ಮಾರಿ ನೋಡೀನ್ರಿ. ಖರೆ ಹಾರಿದ್ರ ರೆಪ್ಪಿ ಅಷ್ಟ ಹಾರತೈತಿ. ಸುಳ್ಳ ಬಡದ್ರ ತುಟಿ ತುದೀನೂ ಮ್ಯಾಲ ಏಳತೈತಿ."

ಡಾಕ್ಟರ್ ಕೋಲು ಬಿಟ್ಟು ಪುಸ್ತಕ ತೆಗೆದು ಅದನ್ನು ಅವಸರವಾಗಿ ಬರೆದುಕೊಂಡರು. ಆ ದಿನ ಯಳವತ್ತಿಯಲ್ಲಿ ನಡೆದ ಏಕೈಕ ಸಂಶೋಧನೆ ಅದೇ.

ಆಮೇಲೆ ಹುಲಗಪ್ಪ ಎದ್ದ. "ಲೇ ಹುಚ್ಚೀರಾ! ಮನ್ನಿ ನಾನು ಬಾಗಲಾ ಪೂರ್ವಕ್ಕ ಇಡ್ಲೋ ಉತ್ತರಕ್ಕ ಇಡ್ಲೋ ಅಂತ ಕೇಳಿದಾಗ ಬಡದಿಯಲ್ಲ, ಅದೂ ಸುಳ್ಳನ?"

ಅಷ್ಟಾದದ್ದೇ ತಡ, ಎಲ್ಲರಿಗೂ ತಮ್ಮ ತಮ್ಮ ಸೋಮವಾರ, ಗುರುವಾರ ನೆನಪಾದವು. ಬೈಗುಳ, ನಗು, ಶಿಳ್ಳೆ ಎಲ್ಲ ಒಟ್ಟಿಗೆ ಎದ್ದವು. ನಾನು ಸ್ಕೂಟರ್ ಕೊಂಡದ್ದು ಯಾವ ತಾರೀಕು ಎಂದು ಲೆಕ್ಕ ಹಾಕುತ್ತಿದ್ದೆ. ಅಕ್ಟೋಬರ್. ಖರೆ ಹಾರಿದ್ದೇ. ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದೆ ಸುಮ್ಮನೆ ಕೂತೆ.

ವೇದಿಕೆಯ ಮೇಲೆ ಹುಚ್ಚೀರಪ್ಪ ಒಬ್ಬನೇ ನಿಂತಿದ್ದ. ಆಗಲೇ ಅವನ ಬಲಗಣ್ಣಿನ ರೆಪ್ಪೆ ಹಾರತೊಡಗಿತು.

"ನೋಡ್ರಿ, ನೋಡ್ರಿ! ಮತ್ತ ಶುರು ಮಾಡಿದ!" ಎಂದು ಕೂಗಿದರು.

"ಇಲ್ರೋ, ನಾ ಬಡದಿಲ್ಲ! ತಾನ ಹಾರಾಕತ್ತೈತಿ!" ಎಂದು ಅವನು ಕಣ್ಣಿನ ಮೇಲೆ ಕೈ ಒತ್ತಿಕೊಂಡ. ಕೈ ತೆಗೆದರೆ ಮತ್ತೆ ಹಾರಿತು. "ದೇವರಾಣಿ, ಖರೇ ಹಾರಾಕತ್ತೈತ್ರಿ!"

"ಸಾಕ ಮಾಡಲೇ ಹುಚ್ಚೀರಾ!" ಎಂದು ಊರೆಲ್ಲ ನಕ್ಕು, ಜೀಪು ಹತ್ತುವ ಅಧಿಕಾರಿಗಳನ್ನು ಕಳಿಸಲು ಹೊರಗೆ ಹೋಯಿತು.

ಗದಿಗೆವ್ವ ಹೋಗಲಿಲ್ಲ. ವೇದಿಕೆಯ ಹತ್ತಿರ ಬಂದು ಗಂಡನ ಮುಖವನ್ನು ಕೆಳಗಿನಿಂದ ನಿಟ್ಟಿಸಿ ನೋಡಿದಳು. ಕಣ್ಣನ್ನಲ್ಲ, ತುಟಿಯನ್ನು. ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಶೇಂಗಾ ಕಾಳನ್ನು ತೆಗೆದು ಇನ್ನೊಂದು ಅಂಗೈಯಲ್ಲಿಟ್ಟುಕೊಂಡಳು.

"ಒಂದು" ಎಂದಳು. ಸ್ವಲ್ಪ ತಡೆದು, "ಎರಡು."

ಮರುದಿನ ಮುಂಜಾನೆ ಚಹಾದ ಸಕ್ಕರೆ ಕೇಳುವ ನೆಪದಲ್ಲಿ ಅವರ ಮನೆಗೆ ಹೋಗಿದ್ದೆ. ಕಟ್ಟೆ ಖಾಲಿ ಇತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಆ ಗುರುವಾರದ ತಾರೀಕಿನ ಮೇಲೆ ಹದಿನೇಳು ಎಂದು ಬರೆದಿತ್ತು. ಸುತ್ತು ಇರಲಿಲ್ಲ.